ಕೊಟ್ಟ ಮೀನನ್ನು ವಾಪಸ್ ಕೇಳಿದ ದಿನ

ನನಗೆ ಈಜು ಬರುವುದಿಲ್ಲ. ಮೊಣಕಾಲಿನ ಮೇಲಕ್ಕೆ ನೀರು ಬರುವ ಕಡೆ ಕಾಲಿಡುವುದೇ ಇಲ್ಲ. ಹನ್ನೊಂದು ವರ್ಷದಿಂದ ಕೆರೆ ಮೀನುಗಳ ಸಮೀಕ್ಷೆ ಮಾಡಿಕೊಂಡು ಬಂದವಳು ಹೀಗೆಂದರೆ ಯಾರು ನಂಬುತ್ತಾರೆ? ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಕೆಲಸವೂ ಈ ಗುಟ್ಟಿಗೆ ಅನುಕೂಲವಾಗಿಯೇ ಇತ್ತು. ಬಲೆ ಎಳೆಯುವುದು ಮೀನುಗಾರರ ತಂಡ. ನಾನು ದಡದಲ್ಲಿ ಟಬ್ಬಿನ ಪಕ್ಕ ಕೂತು ಮೀನನ್ನು ಅಳೆದು, ತೂಗಿ, ದೊಡ್ಡದಾದರೆ ಬೆನ್ನಿನ ರೆಕ್ಕೆಯ ಬುಡಕ್ಕೆ ಹಳದಿ ಟ್ಯಾಗ್ ಚುಚ್ಚಿ, ಬರೆದುಕೊಂಡು ಅದೇ ಕೆರೆಗೆ ವಾಪಸ್ ಬಿಡಿಸುವುದು. ಗಂಬೂಟ್ ಹಾಕಿಕೊಂಡು ಓಡಾಡುವ ನನ್ನನ್ನು ನೋಡಿ ವಾಕಿಂಗ್ ಬಂದವರು ಇವಳೇನೋ ದೊಡ್ಡ ಧೈರ್ಯವಂತೆ ಅಂದುಕೊಳ್ಳುತ್ತಿದ್ದರು. ಆ ಬೂಟಿನೊಳಗೆ ಒಂದು ದಿನವೂ ನೀರು ಹೋಗಿರಲಿಲ್ಲ.

ಹೋದ ಬೇಸಿಗೆಯಲ್ಲಿ ಕೆಂಗೇರಿ ಕಡೆಯ ಒಂದು ಕೆರೆಯಲ್ಲಿ ಆ ಬೂಟು ಕಾಲಿನಿಂದಲೇ ಕಳಚಿಕೊಂಡು ಹೋಯಿತು. ಅದು ಹೋದ ಬಗೆ ಇದು.

ಆ ಕೆರೆಯ ಹೂಳೆತ್ತಬೇಕಾಗಿತ್ತು. ಹೂಳೆತ್ತಲು ನೀರು ಖಾಲಿ ಮಾಡಬೇಕು, ನೀರು ಖಾಲಿಯಾಗುವ ಮೊದಲು ಮೀನು ಸಾಗಿಸಬೇಕು. ಐದು ದಿನದ ಕೆಲಸ. ಪಂಪು ಒಂದೇ ಸಮನೆ ನೀರೆಳೆಯುತ್ತದೆ, ನೀರು ಇಳಿದಂತೆ ತಂಡದವರು ಎಳೆಬಲೆ ಹಾಕುತ್ತಾರೆ, ಬಂದ ಮೀನನ್ನು ನಾನು ಬೇರೆ ಮಾಡುತ್ತೇನೆ. ನಮ್ಮ ಕಡೆಯ ಮೀನುಗಳೆಲ್ಲ ಆಮ್ಲಜನಕದ ಕೊಳವೆ ಬಿಟ್ಟ ಟ್ಯಾಂಕಿಗೆ, ಅಲ್ಲಿಂದ ಮಿನಿ ಲಾರಿಯಲ್ಲಿ ಮಾಗಡಿ ರಸ್ತೆಯಾಚೆಯ ಇನ್ನೊಂದು ಕೆರೆಗೆ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಅದನ್ನು ಎಲ್ಲಿಗೂ ಬಿಡುವಂತಿಲ್ಲ, ಸುಣ್ಣದ ಗುಂಡಿಗೆ ಹೋಗಬೇಕು. ನಿಷೇಧವಾದ ಮೀನು ಅದು. ಎಂಥ ಕೊಳಚೆಯಲ್ಲೂ ಬದುಕಿ ಮಿಕ್ಕವನ್ನೆಲ್ಲ ತಿಂದು ಹಾಕುತ್ತದೆ.

ನಮಗೆ ಮುಖ್ಯವಾಗಿ ಬೇಕಾಗಿದ್ದದ್ದು ಬಾಳೆ ಮೀನು. ಅದೂ ಮೀಸೆಯ ಜಾತಿಯೇ, ಆದರೆ ಇಲ್ಲಿಯದು. ಬೆಳ್ಳಿ ಬಣ್ಣದ ಚಪ್ಪಟೆ ಮೈ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ, ಬಾಯಿ ತುಂಬ ಒಳಕ್ಕೆ ಬಾಗಿದ ಸಣ್ಣ ಹಲ್ಲು. ಒಳಗೆ ಹೋದ ಬೆರಳು ಸುಲಭಕ್ಕೆ ಹೊರಗೆ ಬರುವುದಿಲ್ಲ. ಇಷ್ಟಿದ್ದೂ ನಗರದ ಕೆರೆಗಳಲ್ಲಿ ದೊಡ್ಡ ಬಾಳೆ ಕಾಣುವುದೇ ಅಪರೂಪವಾಗಿದೆ.

ಮೊದಲ ದಿನ ಬೆಳಿಗ್ಗೆ ಮೊದಲನೇ ಬಲೆಯಲ್ಲೇ ಅದು ಬಂತು. ಉದ್ದ ನೂರಹದಿನಾಲ್ಕು ಸೆಂಟಿಮೀಟರ್, ತೂಕ ಒಂಬತ್ತು ಕಿಲೊ ಚಿಲ್ಲರೆ. ಹೊಟ್ಟೆ ಬಿಗಿದಿತ್ತು. ಮುಂಗಾರಿನ ಹೊಸ ನೀರು ಬಂದ ಕೂಡಲೇ ಇಡಬೇಕಾದ ಮೊಟ್ಟೆ. ನಾನು ಟ್ಯಾಗ್ ಚುಚ್ಚಿ ಮುಗಿಸುವಷ್ಟರಲ್ಲಿ ತಂಡದ ಯಜಮಾನರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. ಅರವತ್ತು ದಾಟಿದ ಮನುಷ್ಯ. ಏಳು ವರ್ಷದಿಂದ ನನ್ನ ಜೊತೆ ಕೆಲಸ ಮಾಡುತ್ತಿದ್ದಾರೆ.

“ಇಡಿ ಮೇಡಮ್ಮ, ನಿಮ್ ಕೈಲೇ ಆಗ್ಲಿ” ಎಂದರು.

ಇದು ಅವರ ಪದ್ಧತಿ. ಯಾವ ಕೆರೆಗಿಳಿದರೂ ಮೊದಲು ಸಿಕ್ಕ ದೊಡ್ಡ ಮೀನು ಗಂಗಮ್ಮನದು. ಹೆಣ್ಣುಮಕ್ಕಳ ಕೈಯಲ್ಲಿ ಅದರ ತಲೆಗೆ ಅರಿಶಿನ ಕುಂಕುಮ ಇಡಿಸಿ ನೀರಿಗೆ ಬಿಡುತ್ತಾರೆ. ತಂಡದಲ್ಲಿ ಹೆಂಗಸರಿಲ್ಲದ್ದರಿಂದ ಏಳು ವರ್ಷವೂ ಆ ಕೆಲಸ ನನ್ನದೇ. ಸಮೀಕ್ಷೆಯಲ್ಲಿ ಹೇಗಿದ್ದರೂ ಎಲ್ಲ ಮೀನನ್ನೂ ಅದೇ ಕೆರೆಗೆ ಬಿಡುತ್ತೇವಲ್ಲ, ನನ್ನ ಕೆಲಸಕ್ಕೂ ಅವರ ಪದ್ಧತಿಗೂ ಯಾವತ್ತೂ ಜಗಳ ಬಂದಿರಲಿಲ್ಲ. ಅವತ್ತೂ ಅಭ್ಯಾಸಬಲದಿಂದ ಕುಂಕುಮ ಇಟ್ಟೆ, ಕೈ ಮುಗಿದೆ, ತಂಡದವರು ಅದನ್ನು ನೀರಿಗೆ ಬಿಟ್ಟರು. ನಾಲ್ಕು ದಿನದೊಳಗೆ ಹೇಗೂ ಮತ್ತೆ ಬಲೆಗೆ ಬರುತ್ತದೆ, ಟ್ಯಾಗ್ ಬೇರೆ ಇದೆ, ಆಗ ಸಾಗಿಸಿದರಾಯಿತು ಎಂದು ನಾನಂದುಕೊಂಡೆ. ಅವರೇನು ಅಂದುಕೊಂಡರೋ ನಾನು ಕೇಳಲಿಲ್ಲ. ಈ ಕೆರೆಯಲ್ಲಿ ವಾರದ ಕೊನೆಗೆ ನೀರೇ ಇರುವುದಿಲ್ಲ ಎನ್ನುವುದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಎರಡನೇ ದಿನ ಹೂಳು ಕಾಣಿಸಿಕೊಂಡಿತು. ಮೇಲೆ ಕಪ್ಪು ಕೆನೆ, ಅಲ್ಲಲ್ಲಿ ಗುಳುಗುಳು ಗಾಳಿ, ಚರಂಡಿಯ ನಾತ. ಯಜಮಾನರು ಹತ್ತಡಿ ಬಿದಿರಿನ ಗಳವನ್ನು ನಿಲ್ಲಿಸಿ ಒತ್ತಿದರು. ಅದು ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಕೊನೆಗೆ ಒಂದು ಗೇಣು ಮಾತ್ರ ಮೇಲುಳಿಯಿತು. ಅದರ ತುದಿಗೆ ಕೆಂಪು ಬಟ್ಟೆ ಕಟ್ಟಿ, “ಇದ್ರಿಂದಾಚೆ ಯಾರೂ ಕಾಲಿಡಂಗಿಲ್ಲ” ಎಂದರು. ಅವತ್ತೇ ಮಧ್ಯಾಹ್ನ ಪಂಪಿನವನೊಬ್ಬ ಕೊಳವೆ ಸರಿಮಾಡಲು ಹೋಗಿ ಸೊಂಟದವರೆಗೆ ಸಿಕ್ಕಿಕೊಂಡ. ಅವನನ್ನು ಎಳೆಯಲು ಐದು ಜನ ಬೇಕಾಯಿತು. ಎಳೆದ ಮೇಲೆ ಅವನು ದಡದಲ್ಲಿ ಕೂತು ನಡುಗುತ್ತಿದ್ದ. ನಾನು ನೀರು ಕೊಡಲು ಹೋದೆ.  ಲೋಟವನ್ನು ಅವನ ಪಕ್ಕದಲ್ಲಿಟ್ಟು, ಕೆರೆಗೆ ಬೆನ್ನು ಮಾಡಿ ಕೂತೆ.

ಮೂರನೇ ದಿನ ಬಲೆ ದಡಕ್ಕೆ ಬರುವಾಗ ಅದರಲ್ಲಿ ಹಳದಿ ಟ್ಯಾಗ್ ಮಿಂಚಿದ್ದನ್ನು ಕಂಡೆ. ಟಬ್ ಸರಿಮಾಡಿಕೊಂಡು ಕಾಯುತ್ತಿದ್ದೆ. ಬಲೆಯ ತುದಿ ಹಿಡಿದವನು ಮೇಲಿನ ಹಗ್ಗವನ್ನು ಒಂದು ಕ್ಷಣ ನೀರಿನೊಳಕ್ಕೆ ಒತ್ತಿದ. ಅದರ ಮೇಲಿಂದ ಮೀನು ಜಾರಿ ಹೋಯಿತು.

“ಯಾಕ್ರೀ ಬಿಟ್ರಿ?” ಎಂದು ಕೂಗಿದೆ. ಅವನು ಯಜಮಾನರ ಮುಖ ನೋಡಿದ.

“ಕೊಟ್ಟ ಮೀನು ಕಣಮ್ಮ ಅದು” ಎಂದರು ಯಜಮಾನರು. “ನಮ್ ಬಲೆ ಮತ್ತೆ ಮುಟ್ಟಂಗಿಲ್ಲ. ಕೊಟ್ಟು ಈಸ್ಕೊಂಡ್ರೆ ಗಂಗಮ್ಮ ಬದಲಿಗೆ ಏನ್ ತಗೋತಾಳೋ ಯಾರ್ ಕಂಡೋರು?”

ಅವರ ಕಣ್ಣಿನಲ್ಲಿ ಹಟವಿರಲಿಲ್ಲ, ಹೆದರಿಕೆ ಇತ್ತು. ಹಟಕ್ಕೆ ಉತ್ತರ ಕೊಡಬಹುದು, ಹೆದರಿಕೆಗೆ ನಾನೇನು ಹೇಳಲಿ? ಅದರ ವಿಷಯದಲ್ಲಿ ನಾನೇ ಅವರಿಗಿಂತ ದೊಡ್ಡ ಪರಿಣತೆ.

ನಾಲ್ಕನೇ ದಿನದ ಹೊತ್ತಿಗೆ ಆಚೆ ಕೆರೆಗೆ ಐದು ಬಾಳೆ ಸಾಗಿಸಿದ್ದೆವು. ಎಲ್ಲವೂ ಮೊಳದುದ್ದದವು, ಮೊಟ್ಟೆ ಇಡುವ ವಯಸ್ಸಿಗೆ ಬಂದದ್ದು ಒಂದೂ ಇಲ್ಲ. ಈ ಮಳೆಗೆ ಮರಿಯಾಗಬೇಕಾದರೆ ಆ ಕುಂಕುಮದ ಮೀನೇ ಬೇಕು. ರಾತ್ರಿ ಹೊಸಹಳ್ಳಿಯ ನನ್ನ ಮನೆಯಲ್ಲಿ ಲೆಕ್ಕದ ಪುಸ್ತಕ ತೆಗೆದು ಅದರ ಟ್ಯಾಗ್ ಸಂಖ್ಯೆಯನ್ನು ಮತ್ತೆ ಮತ್ತೆ ನೋಡಿದೆ.

ಐದನೇ ದಿನ ಮಧ್ಯಾಹ್ನ ಒಂದರ ಹೊತ್ತಿಗೆ ಕೆರೆ ಅಂತ ಉಳಿದದ್ದು ನೀರು ಹೊರಬಿಡುವ ತೂಬಿನ ಕಟ್ಟೆಗೂ ದಡಕ್ಕೂ ನಡುವಿನ ಒಂದು ಹೊಂಡ. ಮೊಣಕಾಲುದ್ದ ನೀರು, ಅದರ ಕೆಳಗೆ ತಳವಿಲ್ಲದ ಹೂಳು. ನಡುವಿನಲ್ಲಿ ಬಾಳೆಯ ಬೆನ್ನು ಕಾಣುತ್ತಿತ್ತು. ಬಾಯಿ ಮೇಲೆತ್ತಿ ಗುಟುಕುಗುಟುಕಾಗಿ ಉಸಿರಾಡಲು ನೋಡುತ್ತಿತ್ತು. ಆಫ್ರಿಕನ್ ಮೀನಾದರೆ ಹೊರಗಿನ ಗಾಳಿ ಕುಡಿದಾದರೂ ಬದುಕುತ್ತದೆ. ಬಾಳೆಗೆ ಆ ಭಾಗ್ಯವಿಲ್ಲ, ನೀರಿನಲ್ಲಿ ಕರಗಿದ್ದಷ್ಟೇ ಅದರ ಪಾಲು. ಉದ್ದನೆಯ ತಂತಿಯ ಮೀಟರನ್ನು ಗಳದ ತುದಿಗೆ ಕಟ್ಟಿ ನೀರಿಗೆ ಚಾಚಿದೆ. ಆಮ್ಲಜನಕ ಲೀಟರಿಗೆ ಎರಡು ಮಿಲಿಗ್ರಾಮಿಗಿಂತ ಕೆಳಗಿತ್ತು, ಬಾಳೆಗೆ ನಾಲ್ಕಾದರೂ ಬೇಕು. ಹತ್ತು ನಿಮಿಷ ಬಿಟ್ಟು ನೋಡಿದರೆ ಇನ್ನೂ ಕೆಳಗೆ. ಪಂಪು ನಿಲ್ಲಿಸಿದೆ. ಬಿಸಿಲನ್ನು ನಿಲ್ಲಿಸುವುದು ಹೇಗೆ?

ಹೂಳೆತ್ತುವ ಕೆಲಸದ ಎಂಜಿನಿಯರ್‌ಗೆ ಫೋನು ಮಾಡಿದೆ. “ಮೇಡಂ, ಮಳೆ ಬಂದ್ರೆ ನನ್ ಕೆಲ್ಸ ಕೆಟ್ಟೋಗುತ್ತೆ. ನಾಳೆ ಬೆಳಗ್ಗೆ ಮಷಿನ್ ಇಳಿಯುತ್ತೆ, ಒಂದ್ ಮೀನಿಗೋಸ್ಕರ ನಿಲ್ಸಕ್ಕಾಗಲ್ಲ” ಎಂದ. ನಾಳೆಯವರೆಗೆ ಅದು ಬದುಕುವುದಿಲ್ಲ ಎಂದು ಅವನಿಗೆ ಹೇಳಿ ಏನು ಪ್ರಯೋಜನ?

ಯಜಮಾನರ ಹತ್ತಿರ ಹೋದೆ. “ನೀವು ಮುಟ್ಟಬೇಡಿ. ಬೇರೆ ಯಾರಾದರೂ ಇಳೀಲಿ” ಎಂದೆ.

ಲಾರಿ ಚಾಲಕರು ಪ್ಯಾಂಟು ಮಡಚಿಕೊಂಡು, “ಅಕ್ಕಾ, ನಾನ್ ಇಳೀಲಾ?” ಎಂದರು. ಅವರ ತೂಕ ತೊಂಬತ್ತು ಕಿಲೊ. ಹೂಳಿಗೆ ಅದು ಹಬ್ಬದೂಟ.

ಯಜಮಾನರು ತಲೆಯಾಡಿಸಿದರು. “ಕೊಟ್ಟೋರು ಯಾರಮ್ಮ? ಕುಂಕುಮ ಇಟ್ಟೋರು ಯಾರು? ನೀವು. ಈಸ್ಕೊಳೋದಾದ್ರೆ ನೀವೇ ಹೋಗಿ ಕೇಳ್ಕೊಂಡು ಈಸ್ಕೋಬೇಕು. ಬಲೇಲಲ್ಲ, ಕೈಲಿ. ತೆಪ್ಪ ಕೊಡ್ತೀನಿ, ಹಗ್ಗ ಹಿಡೀತೀನಿ. ಅದಕ್ಕಿಂತ ಹೆಚ್ಚಿಗೆ ನನ್ ಕೈಲಾಗಲ್ಲ.”

ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.  ಆಗಲ್ಲ ಎಂದು ಹೇಳಲು ನೂರು ಕಾರಣವಿತ್ತು, ನೂರನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸುರಕ್ಷತೆಯ ನಿಯಮ, ಗಳ ಮುಳುಗಿದ ಆಳ, ಪಂಪಿನವನ ನಡುಕ. ಅಷ್ಟರಲ್ಲಿ ಮೀನು ಒಮ್ಮೆ ಮಗ್ಗುಲಿಗೆ ವಾಲಿ ಬಿಳಿ ಹೊಟ್ಟೆ ತೋರಿಸಿತು. ಮತ್ತೆ ನೇರವಾಯಿತು. ಅದರ ತಲೆಗೆ ನನ್ನ ಬೆರಳು ಇಟ್ಟ ಕುಂಕುಮ ಯಾವಾಗಲೋ ತೊಳೆದುಹೋಗಿತ್ತು. ಆದರೆ ಇಟ್ಟದ್ದು ಇಟ್ಟದ್ದೇ. “ಸರಿ, ತೆಪ್ಪ ತರಿಸಿ” ಎಂದೆ. 

ಯಜಮಾನರು ತಾವೇ ಹಗ್ಗ ಕಟ್ಟಿದರು. ಒಂದು ಸೊಂಟಕ್ಕೆ, ಇನ್ನೊಂದು ಕಂಕುಳ ಕೆಳಗೆ ಎದೆ ಸುತ್ತ. “ಒಂದು ಸಾಕಾಗಲ್ವಾ?” ಎಂದೆ. “ಇರ್ಲಿ ಬಿಡಿ” ಎಂದರು. ತಂಡದ ನಾಲ್ವರು ಕೆರೆ ಏರಿಯ ಮೇಲೆ ಸುತ್ತಿಕೊಂಡು ತೂಬಿನ ಕಟ್ಟೆಗೆ ಹೋಗಿ ಅಲ್ಲಿಂದ ತೆಪ್ಪಕ್ಕೆ ಕಟ್ಟಿದ ಹಗ್ಗ ಹಿಡಿದರು. ಮಿಕ್ಕವರು ನನ್ನ ಮೈಗೆ ಕಟ್ಟಿದ ಹಗ್ಗಗಳನ್ನು ಹಿಡಿದು ದಡದಲ್ಲಿ. ನಾನು ಮೊಣಕಾಲೂರಿ ತೆಪ್ಪದಲ್ಲಿ ಕೂತೆ. ತೊಡೆಯ ಮೇಲೆ ಮೀನು ತೂಗುವ ಬಟ್ಟೆಯ ಜೋಲಿ, ಒದ್ದೆ ಗೋಣಿಚೀಲ.

ತೂಬಿನ ಕಡೆಯವರು ಎಳೆದರು. ತೆಪ್ಪ ಹೂಳಿನ ಮೇಲೆ ಚಪ್ಪರಿಸುವ ಸದ್ದು ಮಾಡುತ್ತ ಜಾರಿತು. ಕೆಂಪು ಬಟ್ಟೆಯ ಗಳ ಪಕ್ಕದಲ್ಲೇ ಹಾದುಹೋಯಿತು. ಅದನ್ನು ದಾಟುವಾಗ ಕಣ್ಣು ಮುಚ್ಚಿಕೊಂಡೆ. ನೀರಿಗಿಳಿದವನಿಗೆ ಚಳಿಯೇನು ಮಳೆಯೇನು ಎಂಬ ಗಾದೆ ಕಟ್ಟಿದವನು ನೀರಿಗೆ ಇಳಿದೇ ಇರಲಿಲ್ಲವೆಂದು ನನಗೆ ಅವತ್ತು ಖಾತ್ರಿಯಾಯಿತು. ಎದೆಯ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಹೊಂಡದ ಅಂಚಿಗೆ ಬಂದಾಗ ಮೀನು ಮಾರು ದೂರದಲ್ಲಿತ್ತು. ದೊಡ್ಡ ಬಾಳೆ ಹಿಡಿಯುವುದಕ್ಕೆ ಒಂದು ಕ್ರಮವಿದೆ. ಮೊದಲು ಒದ್ದೆ ಬಟ್ಟೆಯಿಂದ ಕಣ್ಣು ಮುಚ್ಚಬೇಕು, ಕತ್ತಲಾದರೆ ಅದು ಶಾಂತವಾಗುತ್ತದೆ. ಒಂದು ಕೈ ಬಾಲದ ಬುಡದಲ್ಲಿ, ಇನ್ನೊಂದು ಹೊಟ್ಟೆಯ ಕೆಳಗೆ. ಬಾಯಿಯ ಹತ್ತಿರ ಬೆರಳು ಸುಳಿಯಬಾರದು. ಇದನ್ನೆಲ್ಲ ನಾನು ಬೇರೆಯವರಿಗೆ ಎಷ್ಟು ಸಲ ಹೇಳಿಕೊಟ್ಟಿದ್ದೇನೋ. ಬಾಗಿ ಗೋಣಿಚೀಲ ಹಾಕಿದೆ. ಮೀನು ಒಂದೇ ಸಲ ಕೊಸರಿ ಬಾಲದಲ್ಲಿ ಹೊಡೆಯಿತು. ತೆಪ್ಪ ಗಿರಕಿ ಹೊಡೆದು ವಾಲಿತು. ನಾನು ಹೂಳಿನಲ್ಲಿದ್ದೆ.

ಬಿದ್ದ ಸದ್ದೂ ಆಗಲಿಲ್ಲ. ತಣ್ಣಗೆ, ಮೆತ್ತಗೆ ಸೊಂಟದವರೆಗೆ ಇಳಿದುಹೋದೆ. ಕಾಲು ಝಾಡಿಸಿದೆ, ಎದೆಯವರೆಗೆ ಇಳಿದೆ. ಕೆಳಗೆ ಏನೂ ಇಲ್ಲ. ಆ ಏನೂ ಇಲ್ಲದ್ದು ಕಾಲನ್ನು ಹಿಡಿದು ನಿಧಾನಕ್ಕೆ ಎಳೆಯುತ್ತಿದೆ. ಕಿರುಚಲು ಬಾಯಿ ತೆರೆದರೆ ಉಸಿರೇ ಬರಲಿಲ್ಲ. 

“ಕಾಲ್ ಆಡಿಸ್ಬೇಡಿ!” ದಡದಿಂದ ಯಜಮಾನರ ಕೂಗು. “ಮಲಕ್ಕೊಳ್ಳಿ! ಬೆನ್ನ ಮೇಲೆ ಮಲಕ್ಕೊಳ್ಳಿ ತಾಯೀ! ಯಾರೂ ಎಳೀಬೇಡ್ರೋ ಈಗ್ಲೇ!”

ಮುಳುಗುತ್ತಿರುವವಳಿಗೆ ಮಲಗು ಅನ್ನುತ್ತಾರೆ. ಬೇರೆ ಏನೂ ತೋಚದೆ ಮಲಗಿದೆ. ತಲೆ ಹಿಂದಕ್ಕೆ ಹಾಕಿದೆ, ಕಿವಿಗೆ ಕೆಸರು ತುಂಬಿಕೊಂಡಿತು, ಲೋಕದ ಸದ್ದೆಲ್ಲ ನಿಂತುಹೋಯಿತು. ಕಣ್ಣಂಚಿನಲ್ಲಿ ದೂರದ ಮೆಟ್ರೊ ರೈಲೊಂದು ಮೈಸೂರು ರಸ್ತೆಯ ಮೇಲೆ ತಣ್ಣಗೆ ಹೋಗುತ್ತಿತ್ತು. ಅದರೊಳಗೆ ಜನ ಫೋನು ನೋಡುತ್ತ ಕೂತಿರಬೇಕು. ಆಗ ನಾನು ಕೇಳಿಕೊಂಡದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ‘ತಾಯೀ, ಮೀನು ನೀನೇ ಇಟ್ಟುಕೋ. ನನ್ನನ್ನು ಬಿಡು’ ಎಂದೆ. ಮೊಟ್ಟೆ, ಮರಿ, ಕೆರೆ, ಹನ್ನೊಂದು ವರ್ಷದ ಕೆಲಸ ಯಾವುದೂ ನನಗೆ ಬೇಕಾಗಿರಲಿಲ್ಲ.

ಎಷ್ಟು ಹೊತ್ತು ಹೋಯಿತೋ. ಕಾಲುಗಳು ಎಳ್ಳಷ್ಟೆಳ್ಳಷ್ಟೇ ಮೇಲೆ ಬರುತ್ತಿದ್ದವು. ಒಂದು ಬೂಟು ಕಳಚಿ ಕೆಳಗೇ ಉಳಿಯಿತು. ಆಗ ಬಲಗೈಗೆ ತಣ್ಣನೆಯದೊಂದು ತಗುಲಿತು. ನನ್ನ ಮೈ ಹೂಳಿನಲ್ಲಿ ಮಾಡಿದ ತಗ್ಗಿಗೆ ಹೊಂಡದ ನೀರು ಹರಿದು ಬಂದಿತ್ತು, ನೀರಿನ ಹಿಂದೆಯೇ ಮೀನೂ ಬಂದಿತ್ತು. ಇದರಲ್ಲಿ ಪವಾಡವೇನಿಲ್ಲ. ನೀರು ತಗ್ಗಿಗೆ ಹರಿಯುತ್ತದೆ, ಮೀನು ನೀರಿದ್ದ ಕಡೆ ಹೋಗುತ್ತದೆ. ಅದರ ಮೀಸೆ ನನ್ನ ಮೊಣಕೈಯನ್ನು ತಡವುತ್ತಿತ್ತು. ಅದಕ್ಕೂ ನನ್ನಷ್ಟೇ ಉಸಿರುಗಟ್ಟಿತ್ತು.

ನನ್ನ ಜೊತೆಗೇ ಬಿದ್ದಿದ್ದ ಜೋಲಿಯನ್ನು ಮಲಗಿದಲ್ಲೇ ಅದರ ಕೆಳಗೆ ತೂರಿಸಿದೆ. ಈ ಸಲ ಅದು ಕೊಸರಲಿಲ್ಲ, ಅದರಲ್ಲಿ ಶಕ್ತಿಯೇ ಉಳಿದಿರಲಿಲ್ಲ. ಎರಡು ತುದಿ ಸೇರಿಸಿ ಎದೆಗವಚಿಕೊಂಡು ಕೈ ಎತ್ತಿದೆ. “ಮೆಲ್ಲಗ್ ಎಳೀರೋ, ಮೆಲ್ಲಗೆ” ಎನ್ನುವುದು ಕೆಸರಿನ ಒಳಗಿಂದ ಕೇಳಿದ ಹಾಗೆ ಕೇಳಿಸಿತು. ಇಬ್ಬರನ್ನೂ ಒಟ್ಟಿಗೇ ಜಾರಿಸಿಕೊಂಡು ದಡಕ್ಕೆ ತಂದರು.

ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಮೀನನ್ನು ಟ್ಯಾಂಕಿಗೆ ಹಾಕಿ ಆಮ್ಲಜನಕ ತೆರೆದೆ. ಲಾರಿ ಹೊರಡುವಾಗ ಯಜಮಾನರು ತೂಬಿನ ಕಡೆಯಿಂದ ಒಂದು ತಾಮ್ರದ ಚೊಂಬು ಹಿಡಿದು ಓಡಿಬಂದು ಹಿಂದೆ ಹತ್ತಿಕೊಂಡರು. ಒಳಗೆ ಆ ಹೊಂಡದ ಕರಿ ನೀರು, ಮೇಲೆ ಬೇವಿನ ಸೊಪ್ಪು.

“ಏನಿದು?” ಎಂದೆ.

“ಗಂಗಮ್ಮ. ಒಬ್ಳನ್ನೇ ಹೆಂಗ್ ಬಿಟ್ಟು ಹೋಗೋದು?”

ಉಲ್ಲಾಳ ದಾಟುವಷ್ಟರಲ್ಲಿ ಟ್ರಾಫಿಕ್ಕು. ಟ್ಯಾಂಕಿನಲ್ಲಿ ಮೀನು ಎರಡು ಸಲ ಹೊಟ್ಟೆ ಮೇಲೆ ಮಾಡಿತು. ಎರಡು ಸಲವೂ ತೋಳು ಮುಳುಗಿಸಿ ನೇರ ಮಾಡಿ ಹಿಡಿದುಕೊಂಡೆ. ಪಕ್ಕದ ಬಸ್ಸಿನಿಂದ ಒಬ್ಬರು ಬಗ್ಗಿ, “ಎಷ್ಟು ಕೆಜಿ?” ಎಂದು ಕೇಳಿದರು. ಕೆಸರು ಮೆತ್ತಿದ ನನ್ನ ಮುಖ ನೋಡಿ ಕಿಟಕಿ ಮುಚ್ಚಿಕೊಂಡರು.

“ಅಲ್ಲಿ ಏನಂತ ಕೇಳ್ಕೊಂಡ್ರಿ?” ಯಜಮಾನರು ಮೆಲ್ಲಗೆ ಕೇಳಿದರು.

“ಮೀನು ಕೊಡು ಅಂತ” ಎಂದು ಸುಳ್ಳು ಹೇಳಿದೆ. ಅವರು ಬೇವಿನ ಸೊಪ್ಪನ್ನು ಚೊಂಬಿನ ಬಾಯಿಗೆ ಒತ್ತಿ ಸರಿಮಾಡಿದರು.

ಆಚೆ ಕೆರೆ ತಲುಪಿದಾಗ ಇನ್ನೂ ಬಿಸಿಲಿತ್ತು. ತಂದ ಮೀನನ್ನು ತಟ್ಟನೆ ಹೊಸ ನೀರಿಗೆ ಎಸೆಯಬಾರದು. ಆ ಕೆರೆಯ ನೀರನ್ನು ಮಗ್‌ನಲ್ಲಿ ಸ್ವಲ್ಪಸ್ವಲ್ಪವೇ ಟ್ಯಾಂಕಿಗೆ ಬೆರೆಸಿ ಹೊಂದಿಸಬೇಕು. ನಾನು ಅದನ್ನು ಮಾಡುತ್ತಿದ್ದಾಗ ಯಜಮಾನರು ದಡದಲ್ಲಿ ಕೂತು ಚೊಂಬಿನ ನೀರನ್ನು ಕೆರೆಗೆ ಸ್ವಲ್ಪಸ್ವಲ್ಪವೇ ಹೊಯ್ಯುತ್ತಿದ್ದರು. ಆಮೇಲೆ ಜೋಲಿಯಲ್ಲಿ ಮೀನನ್ನು ಇಳಿಸಿಕೊಂಡು ನೀರಿಗೆ ಹೋದೆ. ಅದಕ್ಕೆ ಬಲ ಬರುವವರೆಗೆ ಯಾರಾದರೂ ನೇರವಾಗಿ ಹಿಡಿದಿರಬೇಕು, ತಾನಾಗಿ ಬಾಲ ಬೀಸುವವರೆಗೆ ಬಿಡುವಂತಿಲ್ಲ. ಬಿಟ್ಟರೆ ವಾಲುತ್ತಿತ್ತು, ಹಿಡಿದರೆ ಭಾರ. ತೋಳುಗಳು ಸೋಲತೊಡಗಿದವು.

“ಯಜಮಾನ್ರೇ, ನನ್ ಕೈಲಿ ಆಗ್ತಿಲ್ಲ” ಎಂದೆ.

ಅವರು ಖಾಲಿ ಚೊಂಬನ್ನು ಬೋರಲು ಹಾಕಿದರು. “ಅವ್ಳೂ ಇಲ್ಲಿಗೇ ಬಂದಾಯ್ತಲ್ಲ” ಎಂದು ನೀರಿಗಿಳಿದು ಮೀನಿನ ಹೊಟ್ಟೆಯ ಕೆಳಗೆ ಅಂಗೈ ಇಟ್ಟರು. ಐದು ದಿನದಲ್ಲಿ ಮೊದಲ ಸಲ ಅದನ್ನು ಮುಟ್ಟಿದ್ದರು. ಇಬ್ಬರೂ ಅದನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ನಿಂತೆವು. ಕಿವಿರು ತೆರೆದುಕೊಂಡಿತು, ಮುಚ್ಚಿತು, ಮತ್ತೆ ತೆರೆಯಿತು. ಬಹಳ ಹೊತ್ತಿನ ಮೇಲೆ ಬಾಲ ನನ್ನ ಮುಷ್ಟಿಯಲ್ಲಿ ಒಮ್ಮೆ ತಿರುಚಿಕೊಂಡಿತು. ಮುಷ್ಟಿ ಸಡಿಲಿಸಿದೆ. ಹಳದಿ ಟ್ಯಾಗ್ ಒಂದು ಗೇಣು, ಎರಡು ಗೇಣು ಕಂಡು ಕಾಣದಾಯಿತು.

ಆಗ ನೋಡಿಕೊಂಡೆ. ನೀರು ನನ್ನ ಎದೆಯವರೆಗಿತ್ತು. ಮೀನನ್ನು ಆಡಿಸುತ್ತ ಆಡಿಸುತ್ತ ಎಷ್ಟು ಒಳಗೆ ಬಂದಿದ್ದೆನೋ. ದಡ ಇಪ್ಪತ್ತು ಹೆಜ್ಜೆ ದೂರ. ಸೊಂಟಕ್ಕೆ ಈಗ ಹಗ್ಗವಿಲ್ಲ. ಒಂದು ಹೆಜ್ಜೆಯೂ ಎತ್ತಲಾಗಲಿಲ್ಲ.

“ಯಜಮಾನ್ರೇ, ನನಗೆ ಈಜು ಬರಲ್ಲ.”

“ಗೊತ್ತು ಕಣಮ್ಮ.”

“ಯಾವಾಗಿಂದ?”

“ಮೊದಲ್ನೇ ವರ್ಷದಿಂದ್ಲೇ. ದಡದಲ್ಲಿ ನಿಂತೋರ ಕಾಲ್ ನೋಡಿದ್ರೆ ಗೊತ್ತಾಗಲ್ವಾ? ನಮ್ಮೋರಿಗೆಲ್ಲ ಕಟ್ಟೋದು ಒಂದೇ ಹಗ್ಗ.” ಅವರು ಕೈ ಚಾಚಿದರು.

ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟೆ. ನೀರು ಸೊಂಟಕ್ಕಿಳಿದ ಮೇಲೆ ಮಾತು ಬಂತು.

“ನಾನು ಮೀನು ಕೇಳಲಿಲ್ಲ ಯಜಮಾನ್ರೇ. ಮೀನು ನೀನೇ ಇಟ್ಕೋ, ನನ್ನನ್ನ ಬಿಡು ಅಂದೆ.”

ಅವರು ತಮ್ಮ ಇನ್ನೊಂದು ಕೈಯನ್ನೂ ನನ್ನ ಕೈಗಳ ಮೇಲಿಟ್ಟರು. 

“ನಾನೂ ಆಗ ದಡದಲ್ಲಿ ನಿಂತು ಅವ್ಳನ್ನ ಅದನ್ನೇ ಕೇಳಿದ್ದು” ಎಂದರು.